ಬೆರೆಜಿನಾ ಹೆಪ್ಪುಗಟ್ಟಿರಲಿಲ್ಲ

ನೆಪೋಲಿಯನ್ನನ್ನು ರಷ್ಯಾದ ಚಳಿ ಮುಗಿಸಿತು ಅನ್ನೋದು ಹೈಸ್ಕೂಲ್ ಪಾಠದ ಕಾಲದಿಂದ ನಮಗೆಲ್ಲ ಬಾಯಿಪಾಠ. 1812ರ ತಾರೀಖುಗಳನ್ನು ಸಾಲಾಗಿಟ್ಟು ನೋಡಿದರೆ ಈ ಮಾತು ನಿಲ್ಲೋದಿಲ್ಲ. ಜೂನ್ 24ರಂದು ರಷ್ಯಾ ಗಡಿಯ ನೇಮನ್ ನದಿ ದಾಟಲು ಶುರು ಮಾಡಿದ ಮುಖ್ಯ ಪಡೆಯಲ್ಲಿ 4 ಲಕ್ಷಕ್ಕೂ ಹೆಚ್ಚು ಜನ. ಸೆಪ್ಟೆಂಬರ್ 14ಕ್ಕೆ ಮಾಸ್ಕೋ ಹೊಕ್ಕವರು ಸುಮಾರು 1 ಲಕ್ಷ. ಮಾಸ್ಕೋಗೆ ಮುಂಚಿನ ಬೊರೊಡಿನೊ ಕದನ, ದಾರಿಯುದ್ದಕ್ಕೂ ಬಿಟ್ಟ ಕಾವಲುಪಡೆಗಳ ಲೆಕ್ಕ ಬೇರೆ, ಒಪ್ಪಿದೆ. ಆದರೆ ಹಸಿವು, ಭೇದಿ, ಟೈಫಸ್ಸು (ಹೇನಿನಿಂದ ಹರಡುವ ಜ್ವರ) ಸೈನ್ಯವನ್ನು ತಿಂದದ್ದು ಹಿಮ ಬೀಳುವ ಮೊದಲೇ, ಬಿರುಬೇಸಿಗೆಯಲ್ಲಿ.

ಮೊದಲು ಬಿದ್ದದ್ದು ಕುದುರೆಗಳು. ನಾಲ್ಕು ಕುದುರೆಯ ಭಾರದ ಬಂಡಿ ಸುಮಾರು 1500 ಕೆ.ಜಿ. ಹೊರುತ್ತೆ. ಒಂದೊಂದಕ್ಕೆ ದಿನಕ್ಕೆ 9 ಕೆ.ಜಿ. ಮೇವು ಅಂತ ಹಿಡಿದರೂ ನಲವತ್ತು ದಿನಕ್ಕೆ ಹೊತ್ತದ್ದೆಲ್ಲ ಹೊತ್ತವಕ್ಕೇ ಸರಿ. ಹಾಗಾಗಿ ಮೇವನ್ನು ದಾರಿಯ ಹೊಲದಲ್ಲೇ ಕೊಯ್ಯಬೇಕು. ಜೂನ್ ಕೊನೆಯಲ್ಲಿ ರೈ (ಗೋಧಿಯಂಥದೇ ಒಂದು ಧಾನ್ಯ) ಪೈರು ಇನ್ನೂ ಹಸಿ. ಅದನ್ನು ತಿಂದು ಹೊಟ್ಟೆ ಉಬ್ಬಿದ ಕುದುರೆಗಳ ಮೇಲೆ ಜಡಿಮಳೆ, ತಣ್ಣನೆ ರಾತ್ರಿ. ವಿಲ್ನಾ (ಇಂದಿನ ವಿಲ್ನಿಯಸ್) ಮುಟ್ಟುವ ಹೊತ್ತಿಗೆ ಸಾವಿರಾರು ಸತ್ತಿದ್ದವು. ಬಂಡಿಗಳು ಕೆಸರಲ್ಲೇ ನಿಂತವು, ಹಿಟ್ಟು ಹಿಂದೆ ಉಳಿಯಿತು.

ವಾಪಸಾಗುವಾಗ ಲಾಳದ ಕಥೆ. ಮಂಜುಗಡ್ಡೆಯ ಮೇಲೆ ಕುದುರೆ ನಿಲ್ಲಬೇಕಾದರೆ ಲಾಳಕ್ಕೆ ಚೂಪು ಮೊಳೆ ಇರಬೇಕು. ಪೋಲಿಷ್ ಸವಾರರಿಗೆ ಅದು ಗೊತ್ತಿತ್ತು. ರಷ್ಯಾದಲ್ಲಿ ರಾಯಭಾರಿಯಾಗಿದ್ದ ಕೊಲಂಕೂರ್ ಚಕ್ರವರ್ತಿಯ ಲಾಯದ ಕುದುರೆಗಳಿಗೂ ಹಾಕಿಸಿದ್ದ. ಮಿಕ್ಕವು ನುಣುಪು ಲಾಳದಲ್ಲಿ ಜಾರಿ ಬಿದ್ದವು, ಎಳೆಯುವವರಿಲ್ಲದೆ ತೋಪುಗಳನ್ನು ಬಿಟ್ಟು ಹೋಗಬೇಕಾಯಿತು.

ಇನ್ನು ವಾಪಸು ದಾರಿಗೆ ಅಡ್ಡವಾಗಿದ್ದ ಬೆರೆಜಿನಾ ನದಿ. ನವೆಂಬರ್ ಕೊನೆಯಲ್ಲಿ ಚಳಿ ಸ್ವಲ್ಪ ಸಡಿಲಿ ನದಿ ಹರಿಯುತ್ತಿತ್ತು. ಇನ್ನಷ್ಟು ಕೊರೆದಿದ್ದರೆ ನಡೆದೇ ದಾಟಬಹುದಿತ್ತು! ಅದರ ಮೇಲಿನ ಬೊರಿಸೊವ್ ಊರಿನ ಸೇತುವೆ ರಷ್ಯನ್ನರ ಪಾಲಾಗಿತ್ತು. ತೇಲುಸೇತುವೆಯ ದೋಣಿಗಳನ್ನು ಅದಕ್ಕೂ ಮೊದಲೇ ಓರ್ಶಾ ಊರಲ್ಲಿ ನೆಪೋಲಿಯನ್ನೇ ಸುಡಿಸಿದ್ದ, ಅವನ್ನೆಳೆಯುವ ಕುದುರೆಗಳು ತೋಪಿಗೆ ಬೇಕು ಅಂತ. ಸೇತುವೆ ಕಟ್ಟುವ ಪಡೆಯ ಮುಖ್ಯಸ್ಥ ಜನರಲ್ ಎಬ್ಲೆ ಮಾತ್ರ ಎರಡು ಕುಲುಮೆ, ಎರಡು ಬಂಡಿ ಇದ್ದಿಲು, ಆರು ಬಂಡಿ ಸಲಕರಣೆ ಉಳಿಸಿಕೊಂಡಿದ್ದ. ಸೈನ್ಯ ಉಳಿದದ್ದು ಈ ಹತ್ತು ಬಂಡಿಯಿಂದ ಅಂತಲೇ ನನ್ನ ಲೆಕ್ಕ.

ದಡದ ಹಳ್ಳಿ ಸ್ಟುಡ್ಯಾಂಕಾದ ಮನೆಗಳನ್ನು ಕಿತ್ತು, ತೊಲೆಗೆ ಕಾಲು ಬಡಿದು, ಒಂದೊಂದು ಸೇತುವೆಗೆ 23ರಂತೆ ‘ಮರದ ಕುದುರೆ’ (ಸೇತುವೆ ಹೊರುವ ಕಾಲುಮಣೆ) ಮಾಡಿದರು. ಎದೆಮಟ್ಟದ ನೀರಲ್ಲಿ, ತೇಲಿಬರುವ ಮಂಜುಗಡ್ಡೆಗಳ ನಡುವೆ ನಿಂತು ನೆಟ್ಟರು. ನವೆಂಬರ್ 26ರ ಮಧ್ಯಾಹ್ನ ಕಾಲಾಳಿನ ಸೇತುವೆ, ಸಂಜೆಗೆ ಬಂಡಿಗಳದ್ದು. ಈ ಎರಡನೆಯದು ಬೆಳಗಾಗುವುದರೊಳಗೆ ಮೂರು ಸಲ ಮುರಿಯಿತು. ಹಲಗೆ ಸಾಲದೆ ದುಂಡು ಮರ ಹಾಸಿದ್ದರು. ಚಕ್ರ ಉರುಳಿದಂತೆಲ್ಲ ಅದು ಕುಪ್ಪಳಿಸಿ ಕೆಳಗಿನ ಮರದ ಕುದುರೆಯನ್ನು ತಳದ ಕೆಸರಿಗೆ ಒತ್ತುತ್ತಿತ್ತು.

28ರ ರಾತ್ರಿ ಸೇತುವೆ ಖಾಲಿ ಇತ್ತು. ದಾಟಿ ಅಂತ ಎಬ್ಲೆ ಗೋಗರೆದರೂ ಸಾವಿರಾರು ಜನ ಬೆಂಕಿ ಬಿಟ್ಟು ಏಳಲಿಲ್ಲ. 29ರ ಬೆಳಿಗ್ಗೆ, ಆದಷ್ಟು ತಡಮಾಡಿ, ರಷ್ಯನ್ನರು ಬೆನ್ನಟ್ಟಿ ಬಾರದಂತೆ ಅವನೇ ಸೇತುವೆಗೆ ಕೊಳ್ಳಿ ಇಡಿಸಿದ.