ಕಲ್ಲಿಕೋಟೆಯ ಸೈತಾನನಿಗೆ ಪೋಪನ ಕಿರೀಟ

ದೂರದೇಶದ ಬಗ್ಗೆ ಯುರೋಪಿನಲ್ಲಿ ಖರ್ಚಾಗುವಂಥ ಪುಸ್ತಕ ಬರೆಯಬೇಕೇ? ಹಡಗು ಹತ್ತುವ ಮೊದಲೇ ಅರ್ಧ ಬರೆದು ಮುಗಿಸಿ. ಏನು ಕಾಣಬೇಕೆಂದು ಊರಲ್ಲೇ ತೀರ್ಮಾನವಾಗಿದ್ದರೆ, ತಲುಪಿದ ಮೇಲೆ ಕಣ್ಣಿಗೆ ಹೆಚ್ಚು ಕೆಲಸ ಬೀಳುವುದಿಲ್ಲ.

ವಾಸ್ಕೊ ಡ ಗಾಮನ ತಂಡ 1498ರಲ್ಲಿ ಕಲ್ಲಿಕೋಟೆಗೆ ಬಂದದ್ದು ಕ್ರೈಸ್ತರನ್ನೂ ಸಾಂಬಾರ ಪದಾರ್ಥಗಳನ್ನೂ ಹುಡುಕಿಕೊಂಡು. ಮೆಣಸು ಸಿಕ್ಕಿತು. ಅಂದಮೇಲೆ ಕ್ರೈಸ್ತರೂ ಸಿಗಲೇಬೇಕಲ್ಲ! ಅವರನ್ನು ಕರೆದೊಯ್ದ ದೇವಸ್ಥಾನ ಚರ್ಚಾಯಿತು, ಗರ್ಭಗುಡಿಯ ಮೂರ್ತಿ ಮೇರಿಮಾತೆಯಾಯಿತು. ಗೋಡೆಯ ಮೇಲಿನ 'ಸಂತ'ರಿಗೆ ಹಲ್ಲು ಒಂದಂಗುಲ ಹೊರಚಾಚಿದ್ದವು, ನಾಲ್ಕೈದು ಕೈಗಳಿದ್ದವು ಎಂದು ಆ ಯಾನದ ದಿನಚರಿ ಶ್ರದ್ಧೆಯಿಂದ ದಾಖಲಿಸುತ್ತದೆ. ಸಂದೇಹವನ್ನು ಮಾತ್ರ ದಾಖಲಿಸುವುದಿಲ್ಲ. ಗಾಮನ ಪಕ್ಕದಲ್ಲಿ ಮಂಡಿಯೂರಿದ್ದ ಜೊವಾಂವ್ ದ ಸಾ, 'ಇವು ಪಿಶಾಚಿಗಳಾಗಿದ್ದರೆ ನನ್ನ ಪೂಜೆ ನಿಜದೇವರಿಗೇ' ಎಂದು ಹೇಳಿ ವಿಮೆ ಮಾಡಿಸಿಕೊಂಡನಂತೆ. ಗಾಮನೇನು ಕಮ್ಮಿಯೇ? ಹಣೆಗೆ ಹಚ್ಚಲು ಕೊಟ್ಟ ಬಿಳಿಮಣ್ಣನ್ನು ಪಕ್ಕದವನ ಕೈಗೆ ದಾಟಿಸಿ, ಆಮೇಲೆ ಹಚ್ಚಿಕೊಳ್ಳುವೆನೆಂದು ಸನ್ನೆ ಮಾಡಿದ.

ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ಅದೇ ಊರಿನ ದೇವರು ಸೈತಾನನಾದ. 1510ರಲ್ಲಿ ರೋಮಿನಲ್ಲಿ ಅಚ್ಚಾದ ಲುದೊವಿಕೊ ದಿ ವರ್ತೆಮನ ಪ್ರವಾಸಕಥನದಲ್ಲಿ ಅವನ ಹೆಸರು 'ದೆಉಮೊ'. ನಮ್ಮ 'ದೈವ'ವೇ ಇಟಲಿಯವನ ಕಿವಿಗೆ ಹೀಗೆ ಬಿದ್ದಿರಬೇಕು. ವರ್ತೆಮನ ಕೈಚಳಕ ನೋಡಿ: ಮೊದಲು ಅಳತೆ. ರಾಜನ ಪೂಜಾಮಂದಿರ ನಾಲ್ಕೂ ಕಡೆ ಎರಡೆರಡು ಹೆಜ್ಜೆ ಅಗಲ, ಮೂರು ಹೆಜ್ಜೆ ಎತ್ತರ. ಇಷ್ಟು ನಿಖರವಾಗಿ ಕಟ್ಟಡ ಅಳೆದವನು ಒಳಗಿನದರ ಬಗ್ಗೆ ಸುಳ್ಳು ಹೇಳುತ್ತಾನೆಯೇ? ಹಾಗಾಗಿ ಒಳಗೆ ಲೋಹದ ಪಿಶಾಚಿ: ನಾಲ್ಕು ಕೊಂಬು, ನಾಲ್ಕು ಹಲ್ಲು, ಮಾಂಸದ ಕೊಕ್ಕೆಯಂಥ ಕೈ, ಹುಂಜದ ಕಾಲು, ಬಾಯಲ್ಲೊಂದು ಆತ್ಮ, ಕೈಯಲ್ಲಿನ್ನೊಂದು.

ತಲೆಯ ಮೇಲೆ ಪೋಪನದರಂಥ ಮೂರಂತಸ್ತಿನ ಕಿರೀಟ!

ತಯಾರಿಕೆಯಲ್ಲಿ ಕೆಟ್ಟದ್ದು ಇಲ್ಲೇ. ಓದುಗರಿಗೆ ಗೊತ್ತಿಲ್ಲದ್ದನ್ನು ಗೊತ್ತಿರುವುದಕ್ಕೆ ಹೋಲಿಸಬೇಕು, ಸರಿ. ಆದರೆ ಪುಸ್ತಕ ಅಚ್ಚಾಗುತ್ತಿರುವುದು ಪೋಪನ ಊರಿನಲ್ಲಿ ಎಂಬುದನ್ನಾದರೂ ನೆನಪಿಟ್ಟುಕೊಳ್ಳಬಾರದೇ? ಯಾರೂ ಬೇಜಾರಾದಂತೆ ಕಾಣುವುದಿಲ್ಲ. 1515ರ ಜರ್ಮನ್ ಆವೃತ್ತಿಗೆ ಆಗ್ಸ್‌ಬರ್ಗಿನ ಯೋರ್ಗ್ ಬ್ರೊಯ್ ಮರದಚ್ಚಿನ ಚಿತ್ರ ಕೆತ್ತಿಕೊಟ್ಟ. ಕಲ್ಲಿಕೋಟೆ ಕಾಣದವನು, ಆದರೆ ನರಕದ ಪಿಶಾಚಿಯನ್ನು ಚರ್ಚಿನ ಗೋಡೆಯ ಮೇಲೆ ಚಿಕ್ಕಂದಿನಿಂದ ಕಂಡವನು. ಆಮೇಲೆ ಜರ್ಮನ್ ಪಂಡಿತ ಮ್ಯೂನ್‌ಸ್ಟರನ ಜಗದ್ವರ್ಣನೆಯ ಗ್ರಂಥ ಕಾಸ್ಮೊಗ್ರಾಫಿಯಾದಲ್ಲೂ ಕಲ್ಲಿಕೋಟೆಯ ದೇವರಿಗೆ ಇದೇ ಮುಖ. ಕಾಣದವನು ಕೆತ್ತಿದ್ದನ್ನು ಕಾಣದವರು ನಕಲು ಮಾಡಿದರು; ನಕಲುಗಳೆಲ್ಲ ಒಂದೇ ಥರ ಇದ್ದದ್ದರಿಂದ ಸಾಕ್ಷಿ ಗಟ್ಟಿಯಾಯಿತು.

ಹಡಗಿನ ಖರ್ಚೂ ಬೇಡವೆನ್ನುವವರಿಗೆ ಜಾರ್ಜ್ ಸಾಲ್ಮನಜಾರನ ದಾರಿಯಿದೆ. ಫ್ರಾನ್ಸಿನ ಈ ಬಿಳಿಯ ತಾನು ಫಾರ್ಮೋಸ, ಅಂದರೆ ಇಂದಿನ ತೈವಾನಿನವನೆಂದು ಹೇಳಿಕೊಂಡು 1704ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಹೊರಡಿಸಿದ. ಅಲ್ಲಿ ವರ್ಷಕ್ಕೆ 18,000 ಹುಡುಗರ ಬಲಿ! ಮೊದಲೇ ಪಾದ್ರಿ ಇನ್ಸ್, ರೋಮನ್ ಲೇಖಕ ಸಿಸೆರೊನ ಬರಹದ ಒಂದು ಭಾಗವನ್ನು ಅವನಿಂದ 'ಫಾರ್ಮೋಸ ಭಾಷೆ'ಗೆ ಎರಡು ಸಲ ಅನುವಾದ ಮಾಡಿಸಿ ನೋಡಿದ್ದ. ಅರ್ಧ ಪದಗಳು ಬೇರೆಬೇರೆ ಬಂದಿದ್ದವು. ಪಾದ್ರಿ ಮುಂದೆ ಹುಷಾರಾಗಿರು ಎಂದು ಹೇಳಿ ದೀಕ್ಷಾಸ್ನಾನ ಮಾಡಿಸಿದ. ಚೀನಾದಲ್ಲಿ ನಿಜವಾಗಿಯೂ ಇದ್ದು ಬಂದ, ಜೆಸ್ಯೂಟ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿ ಫೊಂತನೇ ತಕರಾರು ತೆಗೆದರೂ ಸಾಲ್ಮನಜಾರ್ ಜಗ್ಗಲಿಲ್ಲ. ಒಮ್ಮೆ ಹೇಳಿದ್ದನ್ನು ಎಷ್ಟೇ ಅಸಂಭವವೆನಿಸಿದರೂ ತಿದ್ದಬಾರದು ಎಂಬುದು ಅವನ ನಿಯಮ. 18,000ವೂ ಬಾಯಿತಪ್ಪಿ ಬಂದ ಲೆಕ್ಕವೇ, ತಿದ್ದಲಿಲ್ಲ ಅಷ್ಟೇ.

ಸಜ್ಜನರಿಗೆ ಇಷ್ಟು ಧೈರ್ಯ ಬಾರದು. ಅವರಿಗೆ ನಮ್ಮ ಮೈಸೂರು ಸೀಮೆಯ ಪಾದ್ರಿ ಅಬೆ ದುಬುವಾ ಅವರ ಮಾರ್ಗ ಒಗ್ಗುತ್ತದೆ. ದೇಶಿ ಉಡುಪು, ದೇಶಿ ಊಟ, ಜನರ ನಡುವೆ ಬಾಳು, ಎಲ್ಲ ನಿಜವೇ. ಹಿಂದೂಗಳ ಆಚಾರವಿಚಾರದ ಮೇಲಿನ ಅವರ ಹಸ್ತಪ್ರತಿಯನ್ನು ಮೈಸೂರಿನಲ್ಲಿ ಕಂಪನಿಯ ಪ್ರತಿನಿಧಿಯಾಗಿದ್ದ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಮೆಚ್ಚಿ ಮದರಾಸಿಗೆ ಕಳಿಸಿದರು. ಕಂಪನಿ ಸರ್ಕಾರ ಎರಡು ಸಾವಿರ ಸ್ಟಾರ್ ಪಗೋಡ, ಅಂದರೆ ಆಗಿನ ಚಿನ್ನದ ನಾಣ್ಯ, ಕೊಟ್ಟು ಕೊಂಡಿತು. 1816ರಲ್ಲಿ ಇಂಗ್ಲಿಷಿನಲ್ಲಿ ಬಂತು. ಕಣ್ಣಾರೆ ಕಂಡು ಬರೆದದ್ದೆಂದು ಪಂಡಿತರು ತಲೆದೂಗಿದರು. 1987ರಲ್ಲಿ ಫ್ರಾನ್ಸಿನ ವಿದ್ವಾಂಸೆ ಸಿಲ್ವಿಯಾ ಮೂರ್, ಅದರ ಬಹುಭಾಗ ಜೆಸ್ಯೂಟ್ ಪಾದ್ರಿ ಕೇರ್ದೂ ಅವರ ಹಳೆಯ ಬರಹದಿಂದ ಬಂದದ್ದೆಂದು ತೋರಿಸಿದರು. ಕೇರ್ದೂ 1779ರಲ್ಲೇ ಪಾಂಡಿಚೇರಿಯಲ್ಲಿ ತೀರಿಕೊಂಡಿದ್ದರಿಂದ ಪಗೋಡದಲ್ಲಿ ಪಾಲು ಕೇಳಲಿಲ್ಲ.