ಗ್ರೇಹೌಂಡ್ ಫ್ಲ್ಯಾಟಿಗೆ ಒಗ್ಗುತ್ತದೆ, ನಮ್ಮ ಬೀದಿಗೆ?

ಪುಣೆಯಲ್ಲಿ ಫ್ಲ್ಯಾಟಿನವರು ನಾಯಿ ಸಾಕುತ್ತೇವೆ ಅಂದರೆ ಮೊದಲು ಸಿಗುವ ಸಲಹೆ: "ಸಣ್ಣದು ತಗೊಳ್ರಿ, ಪಗ್ಗೋ ಶಿಟ್ಜೂನೋ." ಎರಡನೆಯದು ಲ್ಯಾಬ್ರಡಾರ್. ನಾವು ಗ್ರೇಹೌಂಡ್ ಬಗ್ಗೆ ಯೋಚಿಸುತ್ತಿದ್ದೇವೆ ಅಂದ ಕೂಡಲೇ ಎದುರಿನವರ ಹುಬ್ಬು ಮೇಲೇರುತ್ತದೆ. ಗಂಟೆಗೆ ಹೆಚ್ಚುಕಡಿಮೆ 70 ಕಿಲೋಮೀಟರ್ ವೇಗದಲ್ಲಿ ಓಡುವ ಪ್ರಾಣಿ, ವಾಕಡ್‌ನ ಎರಡು ಬೆಡ್‌ರೂಮಿನ ಮನೆಯಲ್ಲಿ ಎಲ್ಲಿ ಓಡಬೇಕು?

ಅದು ಮನೆಯಲ್ಲಿ ಓಡುವುದೇ ಇಲ್ಲ. ಗ್ರೇಹೌಂಡ್ ದಿನವಿಡೀ ಓಡುವ ನಾಯಿ ಎಂಬ ನಂಬಿಕೆ ಎಲ್ಲಿಂದ ಬಂತೋ. ರೇಸಿನ ಟ್ರ್ಯಾಕಿನಲ್ಲಿ ಐನೂರು ಮೀಟರ್ ಓಡಲು ಅದಕ್ಕೆ ಬೇಕಾಗುವುದು ಅರ್ಧ ನಿಮಿಷ. ಅಷ್ಟಕ್ಕೇ ಅದರ ಮೈ ರೂಪುಗೊಂಡಿದೆ: ದೊಡ್ಡ ಹೃದಯ, ತೆಳ್ಳನೆಯ ನಡು, ಹೆಸರಿಗೂ ಇಲ್ಲದ ಕೊಬ್ಬು. ಆ ಅರ್ಧ ನಿಮಿಷ ಮುಗಿದ ಮೇಲೆ, ಊಟ ಮುಗಿಸಿ ಪಡಸಾಲೆಯಲ್ಲಿ ಅಡ್ಡಾದ ಅಜ್ಜನ ಹಾಗೆ, ಯಾರು ಬಂದರೂ ಹೋದರೂ ಏಳುವ ಗೋಜಿಗೆ ಹೋಗುವುದಿಲ್ಲ. ದಿನಕ್ಕೆ ಹದಿನಾರು, ಹದಿನೆಂಟು ಗಂಟೆ ನಿದ್ದೆ. ಬೊಗಳುವುದೂ ಕಡಿಮೆ. ಪಕ್ಕದ ಫ್ಲ್ಯಾಟಿನ ಬೀಗಲ್ ಬೆಳಗ್ಗೆ ಆರಕ್ಕೆ ಶುರು ಮಾಡುವ ರಾಗ ಕೇಳಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ಮಾತು ಹೇಳದೆ ಇರಲಾರೆ. ನಮ್ಮ ಕಡೆ ಪ್ರತಿ ಸೊಸೈಟಿಯಲ್ಲೂ ಒಂದೊಂದು ಹಸ್ಕಿ ಇದೆ. ಹಿಮದಲ್ಲಿ ಗಾಡಿ ಎಳೆಯಲು ಬೆಳೆಸಿದ ನಾಯಿಯನ್ನು ಏಪ್ರಿಲ್‌ನ ಪುಣೆಯಲ್ಲಿ ಸಾಕುವವರಿಗೆ ಯಾರೂ ಏನೂ ಕೇಳುವುದಿಲ್ಲ. ಗ್ರೇಹೌಂಡ್ ಅಂದರೆ ಮಾತ್ರ ಇವರೆಲ್ಲ ತಳಿತಜ್ಞರಾಗಿಬಿಡುತ್ತಾರೆ!

ನಮ್ಮ ಮುಂದಿರುವುದು ಸುಮಾರು ನಾಲ್ಕು ವರ್ಷದ ಹೆಣ್ಣು. ಪಂಜಾಬಿನ ಹಳ್ಳಿಗಳ ಓಟಗಳಿಂದ ಬಂದದ್ದು ಎಂದು ಅದನ್ನು ಸದ್ಯ ನೋಡಿಕೊಳ್ಳುತ್ತಿರುವ ಬಾಣೇರಿನ ಹುಡುಗಿ ಹೇಳುತ್ತಾಳೆ. ಲುಧಿಯಾನಾ ಹತ್ತಿರದ ಕಿಲಾ ರಾಯ್‌ಪುರದಂಥ ಗ್ರಾಮೀಣ ಕ್ರೀಡಾಮೇಳಗಳಲ್ಲಿ ಗ್ರೇಹೌಂಡ್ ಓಟವೂ ಉಂಟು. ಗೆಲ್ಲುವವರೆಗೆ ಹಾಲು, ಮೊಟ್ಟೆ, ಮಾಲೀಶು. ಕಾಲು ಉಳುಕಿದರೆ, ವೇಗ ತಗ್ಗಿದರೆ ರಸ್ತೆ. ಪಂಜಾಬಿನವರನ್ನೇ ಬೈದು ಪ್ರಯೋಜನವಿಲ್ಲ. ಯಂತ್ರದ ಮೊಲವನ್ನು ಓಡಿಸಿ ಅದರ ಹಿಂದೆ ನಾಯಿ ಬಿಡುವ ಟ್ರ್ಯಾಕು 1919ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶುರುವಾಯಿತು, 1926ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಬಂತು. ಆಮೇಲೆ ಎಲ್ಲ ಕಡೆಯೂ ಇದೇ ಕಥೆ. ಮಕಾವ್‌ನ ಟ್ರ್ಯಾಕು 2018ರಲ್ಲಿ ಮುಚ್ಚಿದಾಗ ಐನೂರಕ್ಕೂ ಹೆಚ್ಚು ನಾಯಿಗಳು ಗೂಡಿನಲ್ಲೇ ಉಳಿದಿದ್ದವು, ಅವುಗಳಿಗೆ ದೇಶದೇಶಗಳಲ್ಲಿ ಮನೆ ಹುಡುಕಬೇಕಾಯಿತು. ಅದೇ ವರ್ಷ ಫ್ಲೋರಿಡಾದ ಮತದಾರರು ನಾಯಿ ರೇಸ್ ಬೇಡ ಎಂದು ತೀರ್ಪು ಕೊಟ್ಟರು, 2020 ಮುಗಿಯುವ ಹೊತ್ತಿಗೆ ಅಲ್ಲಿ ರೇಸ್ ನಿಂತಿತು. ನಿವೃತ್ತ ಗ್ರೇಹೌಂಡನ್ನು ದತ್ತು ತೆಗೆದುಕೊಳ್ಳುವುದು ಆ ದೇಶಗಳಲ್ಲಿ ಮಾಮೂಲಿ ಸಂಗತಿ. ಫ್ಲ್ಯಾಟಿಗೆ ಈ ತಳಿ ಆಗಿಬರುತ್ತದೆ ಎಂಬ ಮಾತು ಹುಟ್ಟಿದ್ದು ಸಾವಿರಾರು ಮನೆಗಳ ಆ ಅನುಭವದಿಂದ.

ನಮ್ಮ ಮನೆಯ ದೊಡ್ಡ ಜಗಳ ಮಾತ್ರ ಇದ್ಯಾವುದರ ಬಗ್ಗೆಯೂ ಅಲ್ಲ. ನಮ್ಮ ಮಾವನವರು ಮುಧೋಳ ತಾಲೂಕಿನವರು. ಫೋಟೋ ನೋಡಿದವರೇ, "ಅಲ್ಲವ್ವಾ, ಮುಧೋಳದಾಗ ಹುಟ್ಟಿದ ಮನೆತನ, ವಿಲಾಯಿತಿ ನಾಯಿ ತರತೀರೇನು? ಮಂದಿ ನಗೂದಿಲ್ಲೇನು?" ಅಂದರು. ಆಮೇಲೆ ಎಂದಿನ ಪಾರಾಯಣ: ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಜೋಡಿ ನಾಯಿ ಕೊಟ್ಟದ್ದು, 2005ರಲ್ಲಿ ಅಂಚೆ ಇಲಾಖೆ ಅದರ ಚೀಟಿ ತಂದದ್ದು, ಸೈನ್ಯದವರು ತರಬೇತಿಗೆ ಒಯ್ದದ್ದು, ತಿಮ್ಮಾಪುರದ ಸಂಶೋಧನಾ ಕೇಂದ್ರದಿಂದ ಮರಿ ಕೊಡಿಸುವ ಜವಾಬ್ದಾರಿ ತಮ್ಮದೆಂಬುದು. ಇದೇ ನಾಯಿಯನ್ನು ಇಲ್ಲಿ ಮಹಾರಾಷ್ಟ್ರದವರು ಕಾರವಾನ್ ಎಂದು ಕರೆದು ತಮ್ಮದೆನ್ನುತ್ತಾರೆ ಎಂಬ ಸಿಟ್ಟು ಬೇರೆ.

ಅಭಿಮಾನ ನನಗೂ ಇದೆ. ಆದರೂ ಮಾವನವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ, ಬಾಗಲಕೋಟೆ ಕಡೆಯ ಗೆಳೆಯರು ಬೈಯಲಿ: ಏಳನೇ ಮಹಡಿಯ ಫ್ಲ್ಯಾಟಿಗೆ ಮುಧೋಳದ ಮರಿ ತರುವುದಕ್ಕಿಂತ ನಾಲ್ಕು ವರ್ಷದ ಗ್ರೇಹೌಂಡ್ ತರುವುದು ಜಾಣತನ. ಎರಡೂ ಕಣ್ಣಿನಿಂದ ಬೇಟೆ ನೋಡಿ ಓಡುವ ಜಾತಿಯವೇ, ನೋಡಲು ದಾಯಾದಿಗಳ ಹಾಗಿವೆ. ಆದರೆ ಮುಧೋಳ ಬೆಳೆದದ್ದು ಹೊಲದಲ್ಲಿ, ಮೊಲದ ಹಿಂದೆ, ರಾತ್ರಿ ಕಾವಲಿಗೆ. ಗುರುತಿಲ್ಲದವರು ಮುಟ್ಟಿದರೆ ಅದಕ್ಕೆ ಸೇರುವುದಿಲ್ಲ. ನಮ್ಮ ಮನೆಗೆ ದಿನಕ್ಕೆ ಎಷ್ಟು ಮಂದಿ ಗುರುತಿಲ್ಲದವರು ಬರುತ್ತಾರೆ ಎಂದು ಒಮ್ಮೆ ಎಣಿಸಿ ನೋಡಿ: ಹಾಲು, ಪಾರ್ಸೆಲ್, ಕೆಲಸದ ಮಾವಶಿ, ಅಕ್ವಾಗಾರ್ಡ್, ಮಗಳ ಗೆಳತಿಯರ ದಂಡು. ಕಾವಲಿನ ಬುದ್ಧಿಯ ನಾಯಿಗೆ ಲಿಫ್ಟಿನ ಬಾಗಿಲು ತೆರೆದಾಗಲೆಲ್ಲ ಡ್ಯೂಟಿ. ಗ್ರೇಹೌಂಡ್‌ಗೆ ಕಾವಲು ಎಂಬ ಕಲ್ಪನೆಯೇ ಇಲ್ಲ, ಕಳ್ಳ ಬಂದರೂ ಜಾಗ ಬಿಟ್ಟುಕೊಟ್ಟು ಮಲಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಮರಿ ಎಂದರೆ ಮುಂದೆ ಯಾವ ಸ್ವಭಾವ ತಳೆಯುತ್ತದೋ ಗೊತ್ತಿಲ್ಲದ ಪ್ರಾಣಿ. ನಾಲ್ಕು ವರ್ಷದ ನಾಯಿ ತಾನೇನು ಎಂಬುದನ್ನು ಆಗಲೇ ತೋರಿಸಿಯಾಗಿದೆ. ಮಕ್ಕಳ ಜೊತೆ ಹೇಗೆ, ಲಿಫ್ಟಿನಲ್ಲಿ ಹೇಗೆ, ಒಂಟಿಯಾಗಿ ಬಿಟ್ಟರೆ ಹೇಗೆ ಎಂದು ನೋಡಿಯೇ ತರಬಹುದು.

ಇನ್ನು ನನ್ನ ನಿಜವಾದ ಆತಂಕ. ಅದು ಮನೆಯ ಬಾಗಿಲಿಂದ ಆಚೆಗಿನದು.

ಗ್ರೇಹೌಂಡನ್ನು ಬೇಲಿಯಿಲ್ಲದ ಜಾಗದಲ್ಲಿ ಹಗ್ಗ ಬಿಚ್ಚಿ ಬಿಡುವಂತಿಲ್ಲ. ಒಂದು ದಿನವೂ, ಒಂದು ನಿಮಿಷವೂ. ಎಷ್ಟೇ ಪ್ರೀತಿಯ ನಾಯಿಯಾಗಿರಲಿ, ದೂರದಲ್ಲಿ ಬೆಕ್ಕು ಸರಿದದ್ದು ಕಂಡರೆ ನಿಮ್ಮ ಕೂಗು ಅದರ ಕಿವಿಗೆ ಬೀಳುವುದಿಲ್ಲ. ನಾಲ್ಕಾರು ದಾಪುಗಾಲಿನಲ್ಲಿ ಪೂರ್ತಿ ವೇಗಕ್ಕೆ ಬಂದಿರುತ್ತದೆ, ನೀವು ಹೆಸರು ಕೂಗಿ ಮುಗಿಸುವಷ್ಟರಲ್ಲಿ ಹೈವೇ ಮೇಲಿರುತ್ತದೆ. ವಾಕಡ್‌ನಲ್ಲಿ ನಮ್ಮ ಪಕ್ಕದಲ್ಲೇ ಇರುವುದು ಮುಂಬೈ–ಬೆಂಗಳೂರು ಹೆದ್ದಾರಿ. ಸಾಮಾನ್ಯ ಬೆಲ್ಟೂ ಆಗುವುದಿಲ್ಲ, ಏಕೆಂದರೆ ಇದರ ಕುತ್ತಿಗೆ ತಲೆಗಿಂತ ದಪ್ಪ. ಹೆದರಿ ಹಿಂದಕ್ಕೆ ಜಗ್ಗಿದರೆ ಬೆಲ್ಟು ತಲೆಯ ಮೇಲಿಂದ ಜಾರಿ ಕೈಗೆ ಬರುತ್ತದೆ, ನಾಯಿ ಬರುವುದಿಲ್ಲ. ಜಗ್ಗಿದಷ್ಟು ಬಿಗಿಯಾಗಿ, ಒಂದು ಮಿತಿಗೆ ನಿಲ್ಲುವ ಅಗಲದ ಮಾರ್ಟಿಂಗೇಲ್ ಕಾಲರ್ ಬೇಕು.

ಹೊರದೇಶದವರು ಇದನ್ನು ಓದಿ ಸರಿ ಎನ್ನುತ್ತಾರೆ, ಬೇಲಿ ಹಾಕಿದ ಪಾರ್ಕಿಗೆ ಒಯ್ದು ಓಡಿಸುತ್ತಾರೆ. ನಮ್ಮಲ್ಲಿ? ಬೆಳಗ್ಗೆ ಗೇಟು ದಾಟಿದರೆ ಬಲಕ್ಕೊಂದು ಬೀದಿನಾಯಿಗಳ ಗುಂಪು, ಎಡಕ್ಕೊಂದು. ಆ ಗುಂಪುಗಳ ಗಡಿಯಲ್ಲಿ ಹಗ್ಗಕ್ಕೆ ಕಟ್ಟಿದ, ಉದ್ದ ಕಾಲಿನ, ಕಾಗದದಷ್ಟು ತೆಳು ಚರ್ಮದ ಒಂದು ಹೊಸ ಜೀವ. ಈ ಚರ್ಮ ಸಣ್ಣ ಕಚ್ಚಿಗೂ ಸೀಳಿ ಹೊಲಿಗೆ ಕೇಳುತ್ತದೆ. ಬೀದಿನಾಯಿಗಳನ್ನು ಶಪಿಸುವ ಪೈಕಿ ನಾನಲ್ಲ, ಅವು ನಮಗಿಂತ ಹಳೆಯ ನಿವಾಸಿಗಳು. ಆದರೆ ದಿನಕ್ಕೆ ಮೂರು ಸಲ ಆ ಗಡಿ ದಾಟಬೇಕಾದವರು ನಾವೇ. ವೇತಾಳ ಟೇಕಡಿ ಗುಡ್ಡಕ್ಕೆ ಒಯ್ಯಿರಿ ಎನ್ನುತ್ತಾರೆ ಕೆಲವರು. ಅಲ್ಲಿ ನವಿಲುಗಳಿವೆ ಮಾರಾಯರೇ. ಹಗ್ಗ ಹಿಡಿದವರ ತೋಳು ಹೆಗಲಿಂದ ಕಳಚಿ ಬರಲು ಒಂದು ನವಿಲು ಸಾಕು.

ಹಾಗಾಗಿ ಮನೆಯವರಿಗೆ ನಾನು ಹಾಕಿದ ಮೊದಲ ಷರತ್ತು: ಹಗ್ಗ ಹಿಡಿಯುವುದು ದೊಡ್ಡವರು ಮಾತ್ರ. ಮೂವತ್ತು ಕಿಲೋ ತೂಗುವ ನಾಯಿಯನ್ನು ಎಂಟು ವರ್ಷದ ಮಗಳ ಕೈಗೆ ಕೊಡುವುದಿಲ್ಲ. ಅವಳು ಅತ್ತಳು. ಅಳಲಿ.

ಮಗಳಿಗೆ ಕಲಿಸಬೇಕಾದದ್ದು ಇನ್ನೊಂದಿದೆ. ರೇಸಿನ ನಾಯಿಗಳು ಗೂಡಿನಲ್ಲಿ ಬೆಳೆದವು. ಮಲಗಿದ್ದಾಗ ಮೇಲೆ ಬಂದು ಯಾರೂ ಅಪ್ಪಿಕೊಂಡದ್ದು ಅವಕ್ಕೆ ಗೊತ್ತಿಲ್ಲ. ಕೆಲವಂತೂ ಕಣ್ಣು ಅರೆ ತೆರೆದೇ ನಿದ್ದೆ ಮಾಡುತ್ತವೆ, ಎಚ್ಚರವಿದೆ ಎಂದುಕೊಂಡು ಮುಟ್ಟಿದರೆ ಬೆಚ್ಚಿ ಗುರ್ ಎನ್ನಬಹುದು, ಹಲ್ಲೂ ತಾಗಬಹುದು. ಮೊದಲು ದೂರದಿಂದ ಹೆಸರು ಹಿಡಿದು ಕರೆಯಬೇಕು, ತಲೆ ಎತ್ತಿದ ಮೇಲೆ ಹತ್ತಿರ ಹೋಗಬೇಕು. ಅದರ ಗಾದಿ ಇರುವ ಮೂಲೆ ಅದರದ್ದೇ. ಮೆಟ್ಟಿಲು, ಗಾಜಿನ ಬಾಗಿಲು, ಮಿಕ್ಸರ್ ಸದ್ದು ಎಲ್ಲವೂ ಅವಕ್ಕೆ ಹೊಸತು. ನಮ್ಮ ನುಣ್ಣನೆಯ ಟೈಲ್ಸಿನ ಮೇಲೆ ಕಾಲು ಜಾರಿ ನಡುಗುತ್ತಾ ನಿಂತುಬಿಡುತ್ತವಂತೆ. ಹಾಲ್‌ನಿಂದ ಅಡುಗೆಮನೆವರೆಗೆ ಹಳೇ ಜಮಖಾನೆ ಹಾಸಲು ಅತ್ತೆ ಒಪ್ಪಿದ್ದಾರೆ. ನಾಯಿಗೆ ಒಪ್ಪಿದ್ದಾರೆಯೇ ಎಂಬುದು ಇನ್ನೂ ಸ್ಪಷ್ಟವಿಲ್ಲ. ಪಕ್ಕೆಲುಬು ಎದ್ದು ಕಾಣುವ ಫೋಟೋ ನೋಡಿ, "ಹೊಟ್ಟಿಗಿ ಏನೂ ಹಾಕೂದಿಲ್ಲೇನು ಅವರು, ಪಾಪ" ಎಂದು ಮರುಗಿದ್ದು ಶುಭಸೂಚನೆ ಎಂದುಕೊಂಡಿದ್ದೇನೆ. ಆ ಪಕ್ಕೆಲುಬು ಹಾಗೆಯೇ ಇರಬೇಕು ಅತ್ತೆ, ತುಪ್ಪದ ಚಪಾತಿ ತಿನ್ನಿಸಿ ಅದನ್ನು ಮುಚ್ಚಿದರೆ ಕಾಲಿನ ಕೀಲುಗಳು ಹೋಗುತ್ತವೆ.

ವೈದ್ಯರ ವಿಷಯದಲ್ಲಿ ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ಇದು ಎಲ್ಲರಿಗೂ ಗೊತ್ತಿರುವುದಿಲ್ಲ. ಗ್ರೇಹೌಂಡ್‌ನ ರಕ್ತದ ರಿಪೋರ್ಟು ಬೇರೆ ನಾಯಿಗಳ ರಿಪೋರ್ಟಿನ ಹಾಗೆ ಇರುವುದಿಲ್ಲ. ಕೆಂಪು ಕಣಗಳ ಪ್ರಮಾಣ ಶೇಕಡಾ 50ರ ಮೇಲೆಯೇ ಇರುತ್ತದೆ, ಥೈರಾಯ್ಡ್ ಅಂಕಿ ಕಡಿಮೆ, ಪ್ಲೇಟ್‌ಲೆಟ್ ಕೂಡ ಕಡಿಮೆ. ಪುಣೆಯಲ್ಲಿ ಈ ಕೊನೆಯದು ದೊಡ್ಡ ತಲೆನೋವು. ಇಲ್ಲಿ ಉಣ್ಣೆಹುಳದ ಜ್ವರ ಸಾಮಾನ್ಯ, ಪ್ಲೇಟ್‌ಲೆಟ್ ಕುಸಿತ ಅದರ ಮುಖ್ಯ ಗುರುತು. ಆರೋಗ್ಯವಾಗಿರುವ ಗ್ರೇಹೌಂಡ್‌ನ ರಿಪೋರ್ಟು ನೋಡಿ ಜ್ವರವೆಂದು ಮಾತ್ರೆ ಶುರು ಮಾಡಬಹುದು. ಅಥವಾ ನಿಜವಾಗಿ ಜ್ವರ ಬಂದಾಗ "ಈ ತಳಿಗೆ ಇದು ಮಾಮೂಲಿ" ಎಂದು ಕೈಬಿಡಬಹುದು. ಅದಕ್ಕೇ ಚೆನ್ನಾಗಿರುವಾಗಲೇ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ ಆ ಕಾಗದ ಇಟ್ಟುಕೊಳ್ಳುವುದು ಲೇಸು. ಅರಿವಳಿಕೆಯ ಕಥೆಯೂ ಹೀಗೇ. ಥಯೋಪೆಂಟೋನ್ ಗುಂಪಿನ ಔಷಧಿ ಇವುಗಳ ಮೈಯಿಂದ ಬೇಗ ಇಳಿಯುವುದಿಲ್ಲ: ಕೊಬ್ಬು ಕಡಿಮೆ, ಯಕೃತ್ತು ಅದನ್ನು ಕರಗಿಸುವುದೂ ನಿಧಾನ. ಬೇರೆ ಔಷಧಿಗಳಿವೆ, ಆದರೆ ಆಪರೇಷನ್‌ಗೆ ಮುಂಚೆ ವೈದ್ಯರನ್ನು ನೇರವಾಗಿ ಕೇಳಲು ಸಂಕೋಚಪಡಬಾರದು. ವಯಸ್ಸಾದ ಮೇಲೆ ಕುಂಟು ಹತ್ತಿ ಬಿಡದಿದ್ದರೆ ಎಕ್ಸ್‌ರೇ ಮಾಡಿಸಲೇಬೇಕು. ಮೂಳೆಯ ಕ್ಯಾನ್ಸರ್ ಈ ತಳಿಯಲ್ಲಿ ಹೆಚ್ಚು.

ಸೊಸೈಟಿ ಕಮಿಟಿಯ ಬಗ್ಗೆ ಹೆಚ್ಚು ಬರೆಯುವ ಮನಸ್ಸಿಲ್ಲ. ಬಹುಮತದಿಂದ ಠರಾವು ಮಾಡಿದರೂ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಪಾಲಿಕೆಯ ಲೈಸೆನ್ಸ್, ರೇಬೀಸ್ ಲಸಿಕೆಯ ಕಾಗದ ನಾವು ಇಟ್ಟುಕೊಳ್ಳುತ್ತೇವೆ, ಹೊಲಸು ನಾವು ಎತ್ತುತ್ತೇವೆ. ಅಲ್ಲಿಗೆ ಮುಗಿಯಿತು.

ಗಣಪತಿಯ ಹಬ್ಬಕ್ಕೆ ಮಾತ್ರ ಯಾವ ಮಾರ್ಗಸೂಚಿಯೂ ಇಲ್ಲ. ಢೋಲ್–ತಾಶಾ ಬಡಿಯುವ ತಂಡಗಳ ಅಭ್ಯಾಸ ಹಬ್ಬಕ್ಕೆ ಎಷ್ಟೋ ವಾರ ಮೊದಲೇ ಶುರು, ವಿಸರ್ಜನೆಯ ಮೆರವಣಿಗೆ ಮರುದಿನದವರೆಗೂ. ಹಬ್ಬದ ಮುಂಚೆ ನಾಯಿಯನ್ನು ಮನೆಗೆ ತಂದರೆ ಅದಕ್ಕೆ ಹೊಸ ಮನೆ ಎಂದರೆ ಭಯದ ಮನೆ ಎಂದೇ ಆಗಿಬಿಡುತ್ತದೆ. ದೀಪಾವಳಿಗೆ ಹೇಗೂ ಊರಿಗೆ ಹೋಗುತ್ತೇವೆ ಅಂದರೆ ಅಲ್ಲೂ ಸಮಸ್ಯೆ. ರೈಲಿನಲ್ಲಿ ನಾಯಿಯನ್ನು ಜೊತೆಗೆ ಕೂರಿಸಿಕೊಳ್ಳಬೇಕಾದರೆ ಫಸ್ಟ್ ಎಸಿಯ ಇಡೀ ಕೂಪೆ ಬೇಕು. ಕಾರಿನಲ್ಲಿ ಸೊಲ್ಲಾಪುರ, ವಿಜಯಪುರ ದಾಟಿ ಒಯ್ದರೂ ಊರಿನಲ್ಲಿ ದೊಡ್ಡಮಾವನವರ ಜವಾರಿ ಕೋಳಿಗಳಿವೆ. ಗ್ರೇಹೌಂಡ್ ಊರಿಗೆ ಬಂತು, ಕೋಳಿ ಲೆಕ್ಕ ತಪ್ಪಿತು ಎಂದಾದರೆ ಮಾವನವರು ಜೀವಮಾನವಿಡೀ ಮುಧೋಳದ ಹೆಸರೆತ್ತಿ ನನ್ನನ್ನು ಚುಚ್ಚುತ್ತಾರೆ. ಕಾಲು ಕಟ್ಟಿ ಹಾಕಿದ ಕೋಳಿಗೂ, ಹಗ್ಗ ಕಟ್ಟಿದ ನಾಯಿಗೂ ನಡುವೆ ಒಂದು ಗಟ್ಟಿ ಬಾಗಿಲು ಇರಲೇಬೇಕು.

ಇಷ್ಟೆಲ್ಲ ಕೂಡಿಸಿ ಕಳೆದು ನಾವು ಬಂದ ಹಂತ ಇದು. ಅನಂತ ಚತುರ್ದಶಿ ಕಳೆದ ಮೇಲೆ ಒಂದು ತಿಂಗಳ ಮಟ್ಟಿಗೆ ಫಾಸ್ಟರ್ ಎಂದು ತರುತ್ತೇವೆ, ದತ್ತು ಕಾಗದಕ್ಕೆ ಆಮೇಲೆ ಸಹಿ. ಬಾಣೇರಿನ ಹುಡುಗಿ ಇದಕ್ಕೆ ತಾನಾಗಿಯೇ ಒಪ್ಪಿದಳು. ಅವಸರ ಮಾಡಿದ್ದರೆ ನಾನು ಹಿಂದೆ ಸರಿಯುತ್ತಿದ್ದೆ. ನಮ್ಮವರಿಗೆ ಹಿಂಜೆವಾಡಿ ಆಫೀಸು ವಾರಕ್ಕೆ ಮೂರು ದಿನ, ನಾನು ಮನೆಯಿಂದಲೇ ಕೆಲಸ ಮಾಡುತ್ತೇನೆ. ಗೂಡಿನಲ್ಲಿ ಸದಾ ಬೇರೆ ನಾಯಿಗಳ ನಡುವೆ ಇದ್ದು ಬಂದದ್ದಕ್ಕೆ ಒಂಟಿತನ ತಡೆಯುವುದಿಲ್ಲವಾದ್ದರಿಂದ ಮೊದಲ ದಿನದಿಂದಲೇ ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಹೋಗಿ ಬರುವ ಅಭ್ಯಾಸ ಮಾಡಿಸಬೇಕು. ಬೇಸಿಗೆಯಲ್ಲಿ ಬೆಳಗ್ಗೆ ಆರೂವರೆಗೆ ಮುಂಚೆ, ರಾತ್ರಿ ಒಂಬತ್ತರ ಮೇಲೆ ವಾಕಿಂಗ್. ಡಿಸೆಂಬರಿಗೆ ಅತ್ತೆ ಸ್ವೆಟರ್ ಹೆಣೆಯುತ್ತೇನೆ ಎಂದಿದ್ದಾರೆ, ಅಳತೆಗೆ ಮಗಳನ್ನು ಬಗ್ಗಿಸಿ ನಿಲ್ಲಿಸಿ ನೋಡಿದ್ದೂ ಆಯಿತು.

ಔಂಧ್, ಬಾಣೇರ್, ಪಿಂಪಳೆ ಸೌದಾಗರ್ ಕಡೆಯ ಕನ್ನಡದ ಗೆಳೆಯರಲ್ಲಿ ಎರಡು ವಿಚಾರಣೆ. ಗ್ರೇಹೌಂಡ್, ಕಾರವಾನ್, ಮುಧೋಳ ಈ ಪೈಕಿ ಯಾವುದಕ್ಕಾದರೂ ಆಪರೇಷನ್ ಮಾಡಿ ಅನುಭವವಿರುವ ವೈದ್ಯರು ಗೊತ್ತಿದ್ದರೆ ಇನ್‌ಬಾಕ್ಸಿನಲ್ಲಿ ತಿಳಿಸಿ. ಮತ್ತೆ, ನಾಲ್ಕೂ ಕಡೆ ಬೇಲಿಯಿರುವ ಖಾಲಿ ಪ್ಲಾಟು, ಶಾಲೆಯ ಮೈದಾನ, ಬಾಕ್ಸ್ ಕ್ರಿಕೆಟ್‌ನ ಟರ್ಫ್ ಯಾವುದೇ ಇರಲಿ, ಬೆಳಗಿನ ಜಾವ ಅರ್ಧ ಗಂಟೆ ಬಾಡಿಗೆಗೆ ಕೊಡುವವರಿದ್ದರೆ ಹೇಳಿ. ಅದಕ್ಕೆ ಬೇಕಾದದ್ದು ಅರ್ಧ ನಿಮಿಷ, ಉಳಿದ ಹೊತ್ತು ನಾವು ಹಗ್ಗ ಕಟ್ಟಲು ಅದರ ಹಿಂದೆ ಓಡುವುದಕ್ಕೆ.