ರಾಜ್ಯೋತ್ಸವದಿಂದ ಯುಗಾದಿವರೆಗೆ

ಕೆನಡಾದ ಒಟ್ಟಾವಾದಲ್ಲಿರುವ ಕನ್ನಡಿಗರ ಮನೆಗಳಲ್ಲಿ ಸೆಪ್ಟೆಂಬರ್‌ವರೆಗೆ ಮಾತು ಬೇರೆಯೇ ಇರುತ್ತದೆ. ಮನೆ ಸಾಲದ ಬಡ್ಡಿ, ಮಕ್ಕಳ ಈಜು ಕ್ಲಾಸು, ಬೆಂಗಳೂರಿಗೆ ಟಿಕೆಟ್ ಯಾವಾಗ ಅಗ್ಗ, ಯಾವ ಅಂಗಡಿಗೆ ನುಗ್ಗೇಕಾಯಿ ಬಂದಿದೆ. ಮೇಪಲ್ ಎಲೆ ಕೆಂಪಾಗುತ್ತಿದ್ದ ಹಾಗೆ ಇವೆಲ್ಲ ಪಕ್ಕಕ್ಕೆ ಸರಿಯುತ್ತವೆ. ಎದುರು ಸಿಕ್ಕವರ ಬಾಯಲ್ಲಿ ಒಂದೇ ಪ್ರಶ್ನೆ: "ವಿಂಟರ್ ಟೈರ್ ಹಾಕಿಸಿದ್ರಾ?"

ಊರಲ್ಲಿ ಟೈರ್ ಬಗ್ಗೆ ಯಾರಾದರೂ ಇಷ್ಟೊಂದು ಮಾತಾಡಿದ್ದು ನನಗೆ ನೆನಪಿಲ್ಲ. ಚಿಕ್ಕಂದಿನಲ್ಲಿ ಹಳೇ ಸೈಕಲ್ ಟೈರನ್ನು ಕೋಲಿನಿಂದ ಹೊಡೆದುಕೊಂಡು ಬೀದಿ ತುಂಬ ಓಡುತ್ತಿದ್ದೆವು. ದೊಡ್ಡವರಾದ ಮೇಲೆ ಪಂಕ್ಚರ್ ಆದಾಗ ಅದರ ಮುಖ ನೋಡುತ್ತಿದ್ದೆವು. ಆಯುಧಪೂಜೆಯ ದಿನ ನಿಂಬೆಹಣ್ಣು ಇಡುವಾಗ ಇನ್ನೊಮ್ಮೆ. ಮೈಸೂರಿನವರಿಗಾದರೆ ವಿಕ್ರಾಂತ್ ಟೈರ್ ಕಾರ್ಖಾನೆ ಗೊತ್ತು, ಅಲ್ಲಿ ಕೆಲಸದಲ್ಲಿದ್ದ ಒಬ್ಬ ನೆಂಟನೂ ಗೊತ್ತು. ಅವರೂ ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಂಡಿರಲಿಲ್ಲ. ಟೈರ್ ಕಪ್ಪಗೆ, ದುಂಡಗೆ ಇರಬೇಕು, ಒಳಗೆ ಗಾಳಿ ಇರಬೇಕು, ಅಷ್ಟೇ. ಅದಕ್ಕೂ ಚಳಿಯಾಗುತ್ತದೆ ಅಂತ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆವು.

ಆಗುತ್ತದೆ. ಡಿಸೆಂಬರ್ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯನ್ನು ತಲೆಕೆಳಗು ಮಾಡಿದರೂ ಒಂದು ಹನಿ ಬೀಳುವುದಿಲ್ಲವಲ್ಲ, ಬೇಸಿಗೆ ಟೈರಿನ ರಬ್ಬರಿಗೂ ಹೆಚ್ಚುಕಮ್ಮಿ ಅದೇ ಗತಿ. ಎಣ್ಣೆ ಗಟ್ಟಿಯಾಗಲು 24 ಡಿಗ್ರಿಗಿಂತ ಕೆಳಗಿಳಿದರೆ ಸಾಕು. ಟೈರಿಗೆ 7 ಡಿಗ್ರಿ ಅನ್ನುವುದು ಈ ಕಸುಬಿನವರೆಲ್ಲ ಹೇಳುವ ಲೆಕ್ಕ. ಅದಕ್ಕಿಂತ ಕೆಳಗೆ ರಬ್ಬರ್ ಬಿಗಿಯಾಗುತ್ತಾ ಹೋಗುತ್ತದೆ. ರಸ್ತೆಯ ಸಣ್ಣ ಸಣ್ಣ ಉಬ್ಬುತಗ್ಗುಗಳೊಳಗೆ ಒತ್ತಿಕೊಂಡು ಕೂರಲು ಅದಕ್ಕೆ ಆಗುವುದಿಲ್ಲ. ಹಿಡಿತ ಅಂದರೆ ಹಾಗೆ ಒತ್ತಿಕೊಳ್ಳುವುದೇ. ಚಳಿಗಾಲದ ಟೈರಿನಲ್ಲಿ ರಬ್ಬರಿನ ಮಿಶ್ರಣವೇ ಬೇರೆ. ಮರದ ರಬ್ಬರ್, ಸಿಲಿಕಾ ಎಲ್ಲ ಬೇರೆ ಹದದಲ್ಲಿ ಸೇರಿಸಿ, ಮೈನಸ್ 20ರಲ್ಲೂ ಮೆತ್ತಗಿರುವ ಹಾಗೆ ಮಾಡಿರುತ್ತಾರೆ.

ಈ 7 ಅನ್ನುವ ಅಂಕಿ ಕೇಳಿದಾಗಲೆಲ್ಲ ನನಗೆ ಬೆಂಗಳೂರಿನ ಯೋಚನೆ ಬರುತ್ತದೆ. ಆ ಊರಿನ ದಾಖಲೆಯಲ್ಲಿರುವ ಅತಿ ಕಡಿಮೆ ತಾಪಮಾನ 7.8 ಡಿಗ್ರಿ. ಅದೂ 1884ರ ಜನವರಿ 13ರಂದು, ಬೆಂಜ್ ತನ್ನ ಮೊದಲ ಕಾರಿಗೆ ಪೇಟೆಂಟ್ ತೆಗೆದುಕೊಳ್ಳುವುದಕ್ಕೂ ಎರಡು ವರ್ಷ ಮುಂಚೆ. ಅಂದರೆ ಈ ಲೆಕ್ಕದ ಪ್ರಕಾರ ಬೆಂಗಳೂರಿನ ಯಾವ ಕಾರಿಗೂ ಚಳಿಗಾಲದ ಟೈರ್ ಒಂದೇ ಒಂದು ದಿನ ಬೇಕಾಗಿಲ್ಲ. ಮಂಕಿ ಕ್ಯಾಪ್ ಹಾಕಿಕೊಂಡು ಲಾಲ್‌ಬಾಗಿಗೆ ವಾಕಿಂಗ್ ಹೋಗುವವರು ಇದನ್ನು ಒಪ್ಪಲಿಕ್ಕಿಲ್ಲ.

ಹಾಗಾಗಿ ನಮ್ಮವರು ಇಲ್ಲಿಗೆ ಬಂದಾಗ ಟೈರ್ ಬದಲಾಯಿಸಲು ಹಿಮ ಬೀಳಲಿ ಅಂತ ಕಾಯುತ್ತಾರೆ. ಬಿಳಿ ಕಂಡರೆ ಚಳಿಗಾಲ, ಕಾಣದಿದ್ದರೆ ಇಲ್ಲ. ಒಟ್ಟಾವಾದ ನವೆಂಬರ್ ಬೆಳಗು ಎಷ್ಟೋ ಸಲ ಚೊಕ್ಕಟವಾಗಿರುತ್ತದೆ. ಬಿಸಿಲು ಇದೆ, ರಸ್ತೆ ಒಣಗಿದೆ, ಹಿಮದ ಸುಳಿವೇ ಇಲ್ಲ. ತಾಪಮಾನ ಮಾತ್ರ ಮೈನಸ್ 5. ಆ ಒಣ ರಸ್ತೆಯ ಮೇಲೂ ಬೇಸಿಗೆ ಟೈರ್ ತನ್ನ ಪೂರ್ತಿ ಕೆಲಸ ಮಾಡುತ್ತಿರುವುದಿಲ್ಲ. ಹಿಮ ನೋಡಿ ಟೈರ್ ಕೊಳ್ಳುವುದಕ್ಕಿಂತ ಥರ್ಮಾಮೀಟರ್ ನೋಡಿ ಕೊಳ್ಳುವುದು ವಾಸಿ.

ಇನ್ನೊಂದು ತಮಾಷೆ ಇದೆ. ಟೈರಿನ ಚರ್ಚೆ ಶುರುವಾದರೆ ಎಲ್ಲರೂ ಮಾತಾಡುವುದು ಹೊರಡುವ ಬಗ್ಗೆ. "ನಮ್ಮದು ಆಲ್ ವೀಲ್ ಡ್ರೈವ್, ಎಷ್ಟು ಸ್ನೋ ಇದ್ದರೂ ಎಳೆದುಕೊಂಡು ಹೋಗುತ್ತೆ." ಹೋಗುತ್ತೆ, ಸರಿ. ನಿಲ್ಲುತ್ತಾ? ನಾಲ್ಕು ಚಕ್ರಕ್ಕೂ ಎಂಜಿನ್ ಶಕ್ತಿ ಕೊಡುವುದು ದೊಡ್ಡ ಅನುಕೂಲವೇ. ಆದರೆ ಬ್ರೇಕ್ ಅನ್ನುವುದು ಅತಿ ಅಗ್ಗದ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇರುತ್ತದೆ. ನಿಲ್ಲುವ ವಿಷಯದಲ್ಲಿ ದೊಡ್ಡ ಎಸ್‌ಯುವಿಗೂ ಪುಟ್ಟ ಕಾರಿಗೂ ಭೇದವಿಲ್ಲ, ಭಾರ ಜಾಸ್ತಿ ಅನ್ನುವ ತೊಂದರೆ ಬೇರೆ. ಎಬಿಎಸ್ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುತ್ತದೆ, ಇಲ್ಲದ ಹಿಡಿತವನ್ನು ಅದು ಎಲ್ಲಿಂದ ತರಬೇಕು? ಕಾರಿಗೂ ರಸ್ತೆಗೂ ನಡುವೆ ಇರುವುದು ನಾಲ್ಕು ಅಂಗೈಯಷ್ಟು ರಬ್ಬರ್. ಕೆಂಪು ದೀಪದ ಮುಂದೆ ನಿಮ್ಮ ಕಾರು ಎಷ್ಟು ದೂರದಲ್ಲಿ ನಿಲ್ಲುತ್ತದೆ ಅನ್ನುವುದನ್ನು ಅದೇ ತೀರ್ಮಾನಿಸುವುದು. ಟೈರ್ ಆರಿಸುವಾಗ ನಾನು ಕೇಳುವುದು ಇದೊಂದೇ: ಇದು ನಿಲ್ಲಿಸುತ್ತಾ? ಎಳೆಯುವುದರಲ್ಲಿ ಸೋತರೆ ಹೆಚ್ಚೆಂದರೆ ಮನೆ ಮುಂದೆ ಸಿಕ್ಕಿಕೊಂಡು ನೆರೆಯವರ ಸಲಿಕೆ ಕೇಳಬೇಕಾದೀತು.

ಎರಡು ಟೈರ್ ಸಾಕು ಅನ್ನುವವರೂ ಇದ್ದಾರೆ. ಎಂಜಿನ್ ಎಳೆಯುವುದು ಮುಂದಿನ ಚಕ್ರಗಳನ್ನು, ಅವಕ್ಕೆ ಮಾತ್ರ ಹಾಕಿಸಿದರೆ ಅರ್ಧ ದುಡ್ಡು ಉಳಿಯಿತು. ಇದೂ ಹೊರಡುವವರ ಲೆಕ್ಕವೇ. ತಿರುವಿನಲ್ಲಿ ಮುಂದಿನ ಚಕ್ರ ರಸ್ತೆಯನ್ನು ಹಿಡಿಯುತ್ತದೆ, ಹಿಂದಿನದು ಜಾರುತ್ತದೆ, ಕಾರು ಗಿರ್ರನೆ ತಿರುಗಿ ಬಂದ ದಾರಿಯನ್ನೇ ನೋಡುತ್ತಾ ನಿಲ್ಲುತ್ತದೆ. ಹಾಕಿಸಿದರೆ ನಾಲ್ಕೂ ಹಾಕಿಸಬೇಕು, ಇದರಲ್ಲಿ ಚೌಕಾಸಿ ಇಲ್ಲ.

ಹಿಮ ಮತ್ತು ಐಸ್ ಬೇರೆ ಬೇರೆ ಶತ್ರುಗಳು. ಹಿಮದ ಮೇಲೆ ಏನಾಗುತ್ತದೆ ಅನ್ನುವುದು ನಿಜಕ್ಕೂ ಚಂದ. ಚಳಿಗಾಲದ ಟೈರಿನ ಅಗಲವಾದ ಗೀರುಗಳು ಹಿಮವನ್ನು ತಮ್ಮೊಳಗೆ ಕಚ್ಚಿ ಹಿಡಿದುಕೊಳ್ಳುತ್ತವೆ. ಹಿಮಕ್ಕೆ ರಬ್ಬರಿಗಿಂತ ಹಿಮವೇ ಚೆನ್ನಾಗಿ ಅಂಟುತ್ತದೆ. ಶತ್ರುವನ್ನೇ ತುಂಬಿಕೊಂಡು ಶತ್ರುವಿನ ಮೇಲೆ ನಡೆಯುವ ಉಪಾಯ ಇದು. ಐಸ್ ಹಾಗಲ್ಲ. ಅದರ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಒದ್ದೆ ಪದರ ಇರುತ್ತದೆ. ಜಾರಿಸುವುದು ಅದೇ. ಅದನ್ನು ಒರೆಸಿ ತೆಗೆಯಲು ಟೈರಿನ ಮೇಲೆ ಬ್ಲೇಡಿನಲ್ಲಿ ಕೊಯ್ದ ಹಾಗೆ ನೂರಾರು ಸಣ್ಣ ಸೀಳುಗಳಿರುತ್ತವೆ. ಸೈಪ್ ಅನ್ನುತ್ತಾರೆ. 1920ರ ದಶಕದಲ್ಲಿ ಜಾನ್ ಸೈಪ್ ಅನ್ನುವವರು ಪೇಟೆಂಟ್ ತೆಗೆದುಕೊಂಡದ್ದರಿಂದ ಬಂದ ಹೆಸರು. ಕಸಾಯಿಖಾನೆಯ ಒದ್ದೆ ನೆಲದ ಮೇಲೆ ಜಾರದಿರಲು ಅವರು ತಮ್ಮ ಬೂಟಿನ ಅಟ್ಟೆಯನ್ನು ಕೊಯ್ದುಕೊಂಡರು ಅಂತ ಕಥೆಯೂ ಇದೆ. ಕಥೆ ನಿಜವಿರಲಿ ಸುಳ್ಳಿರಲಿ, ಅದನ್ನು ಹೇಳದ ಟೈರ್ ಅಂಗಡಿಯವರು ಕಡಿಮೆ.

ನಾವು ಸಾಮಾನ್ಯವಾಗಿ ತಿಳಿಯುವುದು, ಚಳಿ ಜಾಸ್ತಿಯಾದಷ್ಟೂ ಐಸ್ ಜಾಸ್ತಿ ಜಾರುತ್ತದೆ ಅಂತ. ಉಲ್ಟಾ. ಮೈನಸ್ 20ರ ಐಸ್ ಮೇಲೆ ಟೈರಿಗೆ ಅಷ್ಟಿಷ್ಟು ಹಿಡಿತ ಸಿಗುತ್ತದೆ. ಸೊನ್ನೆಯ ಆಸುಪಾಸಿನಲ್ಲಿ ಕರಗಲೋ ಬೇಡವೋ ಅಂತ ಕೂತ ಐಸ್ ಇದೆಯಲ್ಲ, ಅದು ಅಪಾಯ. ಒಟ್ಟಾವಾದವರು ಹಿಮಪಾತಕ್ಕೆ ಹೆದರುವುದಿಲ್ಲ, ಫ್ರೀಜಿಂಗ್ ರೇನ್ ಅಂದರೆ ಮಾತ್ರ ಮುಖ ಸಣ್ಣ ಮಾಡುತ್ತಾರೆ. ಮಳೆಯಾಗಿ ಬಿದ್ದು, ನೆಲ ಮುಟ್ಟಿದ ಕೂಡಲೇ ಹೆಪ್ಪುಗಟ್ಟುವ ನೀರು. 1998ರ ಜನವರಿಯಲ್ಲಿ ಇದು ದಿನಗಟ್ಟಲೆ ಸುರಿದು, ಒಟ್ಟಾವಾ, ಮಾಂಟ್ರಿಯಲ್ ಕಡೆ ವಿದ್ಯುತ್ ಗೋಪುರಗಳೇ ಭಾರಕ್ಕೆ ಮುರಿದು ಬಿದ್ದಿದ್ದವು. ಹಳಬರು ಈಗಲೂ ಐಸ್ ಸ್ಟಾರ್ಮ್ ಅಂತ ಅದನ್ನೇ ಕರೆಯುವುದು. ಅಂಥ ದಿನ ಯಾವ ಟೈರಿನ ಮೇಲೂ ಭಾರ ಹಾಕಬಾರದು, ಸುಮ್ನೆ ಮನೆಯಿಂದಲೇ ಕೆಲಸ ಮಾಡಬೇಕು.

ಈ ಚಳಿಗಾಲದ ಟೈರನ್ನು ಜಗತ್ತಿಗೆ ಕೊಟ್ಟವರು ಫಿನ್‌ಲೆಂಡಿನವರು. 1934ರಲ್ಲಿ ಲಾರಿಗಳಿಗೆ ಮಾಡಿದರು, 1936ರಲ್ಲಿ ಕಾರಿಗೆ ಹಕ್ಕಪೆಲೀಟ ಅನ್ನುವ ಹೆಸರಿನಲ್ಲಿ ತಂದರು. ಆ ಹೆಸರು ಇವತ್ತಿಗೂ ಮಾರುಕಟ್ಟೆಯಲ್ಲಿದೆ. ಕಾರ್ಖಾನೆ ಇದ್ದದ್ದು ನೋಕಿಯಾ ಅನ್ನುವ ಊರಿನಲ್ಲಿ. ಹೌದು, ಅದೇ ನೋಕಿಯಾ. ರಬ್ಬರ್ ಕಂಪನಿ 1967ರಲ್ಲಿ ನೋಕಿಯಾದೊಳಗೆ ಸೇರಿಕೊಂಡಿತ್ತು, 1988ರಲ್ಲಿ ಟೈರ್ ವಿಭಾಗ ಬೇರೆ ಕಂಪನಿಯಾಯಿತು. ನಾವು ಬಸ್ಸಿನಲ್ಲಿ ಕೂತು ಹಾವಿನ ಆಟ ಆಡುತ್ತಿದ್ದ ಫೋನಿಗೂ ಈ ಟೈರಿಗೂ ಹೀಗೊಂದು ದಾಯಾದಿ ಸಂಬಂಧ. ಫೋನ್ ಎಷ್ಟು ಸಲ ಬಿದ್ದರೂ ಏನೂ ಆಗುತ್ತಿರಲಿಲ್ಲ ಅನ್ನುವುದು ನೆನಪಾದರೆ ನನಗೆ ಟೈರಿನ ಮೇಲೂ ನಂಬಿಕೆ ಬರುತ್ತದೆ. ತರ್ಕಕ್ಕೆ ನಿಲ್ಲುವ ಮಾತಲ್ಲ, ಆದರೂ.

ಅಂಗಡಿಗೆ ಹೋದರೆ ಮೂರು ಜಾತಿ. ಆಲ್ ಸೀಸನ್, ಆಲ್ ವೆದರ್, ವಿಂಟರ್. ಮೊದಲನೆಯದರ ಪಕ್ಕದಲ್ಲಿ ಎಂ, ಪ್ಲಸ್, ಎಸ್ ಅಂತ ಅಕ್ಷರ ಇರುತ್ತದೆ. ಕೆಸರಿಗೂ ಹಿಮಕ್ಕೂ ಆಗುತ್ತದೆ ಅಂತ ಹೇಳಿಕೊಳ್ಳುವುದು. ಅದಕ್ಕೆ ಪರೀಕ್ಷೆಯಿಲ್ಲ, ಗೀರುಗಳ ಆಕಾರ ಹೀಗಿದ್ದರೆ ಆಯಿತು, ಕಂಪನಿಯೇ ಹಾಕಿಕೊಳ್ಳಬಹುದು. ನೋಡಬೇಕಾದದ್ದು ಮೂರು ಶಿಖರದ ಬೆಟ್ಟ, ಅದರೊಳಗೊಂದು ಹಿಮದ ಹರಳು. ಆ ಚಿಹ್ನೆ ಪರೀಕ್ಷೆ ಪಾಸಾಗಿ ಬಂದದ್ದು. ಆದರೆ ಕೆನಡಾ, ಅಮೆರಿಕದಲ್ಲಿ ಆ ಪರೀಕ್ಷೆ ನೋಡುವುದೂ ಒತ್ತಿ ಗಟ್ಟಿಯಾದ ಹಿಮದ ಮೇಲೆ ಎಳೆತ ಎಷ್ಟು ಅನ್ನುವುದನ್ನೇ. ಮತ್ತೆ ಹೊರಡುವ ವಿಷಯ! ಐಸ್ ಮೇಲಿನ ಬ್ರೇಕಿನ ಬಗ್ಗೆ ಅದು ಏನೂ ಹೇಳುವುದಿಲ್ಲ. ಯೂರೋಪಿನ ಲೇಬಲ್ಲಿನಲ್ಲಿ 2021ರಿಂದ ಐಸಿಗೆ ಬೇರೆ ಚಿಹ್ನೆಯೇ ಬಂದಿದೆ. ಅದಕ್ಕೇ ಒಂದೇ ಬೆಟ್ಟದ ಗುರುತು ಹೊತ್ತ ಆಲ್ ವೆದರ್ ಮತ್ತು ವಿಂಟರ್ ಎರಡೂ ಒಂದೇ ಅಂದುಕೊಳ್ಳಬಾರದು. ಆಲ್ ವೆದರ್ ವರ್ಷವಿಡೀ ಓಡಬೇಕು, ಜುಲೈ ಬಿಸಿಲಿಗೂ ತಡೆದುಕೊಳ್ಳಬೇಕು. ಹಾಗಾಗಿ ಅದರ ರಬ್ಬರ್ ಒಂದು ರಾಜಿ. ಟೊರಾಂಟೊ ಪೇಟೆಯೊಳಗೆ ವಾರಕ್ಕೊಮ್ಮೆ ತರಕಾರಿಗೆ ಹೋಗುವವರಿಗೆ ಆ ರಾಜಿ ಧಾರಾಳವಾಗಿ ಸಾಕು. ಒಟ್ಟಾವಾದಲ್ಲಿ, ಹಿಮ ಬಾಚುವ ಗಾಡಿ ಬರುವ ಮುಂಚೆ ಬೆಳಗಿನ ಜಾವ ಆಸ್ಪತ್ರೆ ಡ್ಯೂಟಿಗೆ ಹೊರಡುವವರಿಗೆ ಸಾಲದು. ಟೈರ್ ಯಾವುದು ಅಂತ ಕೇಳುವವರಿಗೆ ನಾನು ಮೊದಲು ಕೇಳುವುದು, ಕೆಲಸ ಎಷ್ಟು ಗಂಟೆಗೆ ಅಂತ.

ಕಾನೂನಿನ ಕಥೆ ಇನ್ನೂ ಸ್ವಾರಸ್ಯ. ಒಟ್ಟಾವಾ ನದಿಯ ಈ ದಡ ಒಂಟಾರಿಯೊ ಪ್ರಾಂತ್ಯ, ಆ ದಡದ ಗ್ಯಾಟಿನೋ ಊರು ಕ್ವಿಬೆಕ್ ಪ್ರಾಂತ್ಯ. ನಡುವೆ ಸೇತುವೆಗಳು. ಬೆಳಿಗ್ಗೆ ಜನ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಕೆಲಸಕ್ಕೆ ಹೋಗುತ್ತಲೇ ಇರುತ್ತಾರೆ. ಕ್ವಿಬೆಕ್‌ನಲ್ಲಿ ನೋಂದಣಿಯಾದ ಕಾರಿಗೆ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಕಡ್ಡಾಯ. 2008ರಿಂದ ಇದೆ, ಆಗ ಡಿಸೆಂಬರ್ 15 ಇತ್ತು, ಆಮೇಲೆ ಹಿಂದಕ್ಕೆ ತಂದರು. ತಪ್ಪಿದರೆ ದಂಡ 200 ಡಾಲರಿನಿಂದ ಶುರು. ಒಂಟಾರಿಯೊದಲ್ಲಿ ಕಡ್ಡಾಯವಿಲ್ಲ. ಇನ್ಶೂರೆನ್ಸಿನಲ್ಲಿ ಒಂದಷ್ಟು ರಿಯಾಯಿತಿ ಕೊಟ್ಟು ಆಸೆ ತೋರಿಸುತ್ತಾರೆ, 2016ರಿಂದ. ಹಿಮ ಮಾತ್ರ ಎರಡೂ ದಡದಲ್ಲಿ ಒಂದೇ ಸಮ ಬೀಳುತ್ತದೆ. ಒಂದೇ ಸೇತುವೆಯ ಮೇಲೆ ಮುಂದಿನ ಕಾರಿಗೆ ಕಾನೂನಿದೆ, ಹಿಂದೆ ಅಂಟಿಕೊಂಡು ಬರುತ್ತಿರುವ ಕಾರಿಗಿಲ್ಲ. ಬ್ರೇಕ್ ಬೇಕಾಗುವುದು ಹಿಂದಿನವನಿಗೇ ಅಲ್ವಾ?

ದುಡ್ಡಿನ ಮಾತು ಬಿಟ್ಟರೆ ನಮ್ಮವರ ಚರ್ಚೆ ಮುಗಿಯುವುದಿಲ್ಲ. ರಿಮ್ ಸೇರಿಸಿ ನಾಲ್ಕು ಟೈರಿಗೆ ಸಾವಿರ ಡಾಲರ್ ದಾಟುವುದು ಸುಲಭ. ಸಮಾಧಾನಕ್ಕೆ ಎಲ್ಲರೂ ಹೇಳುವುದು, ಒಂದು ಜೊತೆ ಓಡುವಾಗ ಇನ್ನೊಂದು ಜೊತೆ ಸವೆಯುವುದಿಲ್ಲ ಅಂತ. ನಿಜ, ಆದರೆ ವರ್ಷಕ್ಕೆ ಎರಡು ಸಲ ಬದಲಾಯಿಸುವ ಕೂಲಿಯನ್ನು ಆ ಲೆಕ್ಕಕ್ಕೆ ಯಾರೂ ಸೇರಿಸುವುದಿಲ್ಲ. ಉಳಿಸುವ ದಾರಿ ಬೇಕಿದ್ದರೆ ಒಂದಿದೆ. ಕಾರಿನ ಪುಸ್ತಕ ಒಪ್ಪಿದರೆ, 18 ಇಂಚಿನ ರಿಮ್ ಬದಲು 17 ಅಥವಾ 16ರದ್ದು, ಸ್ವಲ್ಪ ಕಿರಿದಾದ ಟೈರ್. ಬೆಲೆ ಕಮ್ಮಿ, ಮತ್ತು ಕಿರಿದಾದ ಟೈರ್ ಹಿಮವನ್ನು ಸೀಳಿಕೊಂಡು ಕೆಳಗಿನ ನೆಲ ಹುಡುಕುತ್ತದೆ. ಕರೀ ಉಕ್ಕಿನ ರಿಮ್ ಹಾಕಿದ ಕಾರು ನೋಡಲು ಬಡವಾಗಿ ಕಾಣುತ್ತದೆ ಅನ್ನುವುದು ಕೆಲವರ ಸಂಕಟ. ಜನವರಿಯಲ್ಲಿ ಎಲ್ಲರ ಕಾರೂ ಐಸ್ ಕರಗಿಸಲು ರಸ್ತೆಗೆ ಸುರಿದ ಉಪ್ಪು ಮೆತ್ತಿಕೊಂಡು ಬೂದಿ ಬಣ್ಣಕ್ಕೆ ತಿರುಗಿರುತ್ತದೆ, ಯಾರು ನೋಡುತ್ತಾರೆ?

ಹಳೇ ಟೈರ್ ಅಗ್ಗಕ್ಕೆ ಕೊಳ್ಳುವುದೂ ಉಂಟು. ಕೊಳ್ಳಲಿ, ಆದರೆ ಪಕ್ಕದ ಗೋಡೆಯ ಮೇಲಿನ ನಾಲ್ಕು ಅಂಕಿ ಓದಬೇಕು. 3519 ಅಂತಿದ್ದರೆ 2019ರ 35ನೇ ವಾರ ಹುಟ್ಟಿದ್ದು. ಗೀರಿನ ಆಳ 4 ಮಿಲಿಮೀಟರಿಗಿಂತ ಕಮ್ಮಿಯಿದ್ದರೆ ಹಿಮಕ್ಕೆ ಬೇಡ. ಮಾರುವವರು "ಒಂದೇ ಸೀಸನ್ ಓಡಿದ್ದು" ಅನ್ನುತ್ತಾರೆ. ಎಲ್ಲರೂ ಅದನ್ನೇ ಅನ್ನುತ್ತಾರೆ.

ಯಾವಾಗ ಹಾಕಿಸಬೇಕು, ಯಾವಾಗ ತೆಗೆಸಬೇಕು? ಜರ್ಮನಿಯವರು ಅಕ್ಟೋಬರಿನಿಂದ ಈಸ್ಟರ್‌ವರೆಗೆ ಅನ್ನುತ್ತಾರೆ. ನಮಗೆ ನಮ್ಮದೇ ಲೆಕ್ಕ ಇದೆ: ರಾಜ್ಯೋತ್ಸವದಿಂದ ಯುಗಾದಿವರೆಗೆ. ಯುಗಾದಿ ಬೇಗ ಬಂದ ವರ್ಷ ಇನ್ನೊಂದೆರಡು ವಾರ ಕಾಯಬೇಕು, ಅಷ್ಟೇ. ಆಮೇಲೂ ಬಿಟ್ಟರೆ ಆ ಮೆತ್ತನೆ ರಬ್ಬರ್ ಬಿಸಿ ರಸ್ತೆಯ ಮೇಲೆ ಬೇಗ ಸವೆದುಹೋಗುತ್ತದೆ. ಈ ಲೆಕ್ಕದಲ್ಲಿ ಇರುವ ಕೊರತೆ ಆಯುಧಪೂಜೆಯದು. ಅದು ಅಕ್ಟೋಬರ್ ಆಸುಪಾಸಿಗೆ ಬರುತ್ತದೆ. ನಿಂಬೆಹಣ್ಣು, ಕುಂಕುಮ ಎಲ್ಲ ಬೇಸಿಗೆ ಟೈರಿಗೆ. ಕೆಲವೇ ವಾರಕ್ಕೆ ಅವು ನೆಲಮಾಳಿಗೆ ಸೇರುತ್ತವೆ, ಪೂಜೆ ಕಾಣದವು ರಸ್ತೆಗಿಳಿಯುತ್ತವೆ. ನನಗೆ ಗೊತ್ತಿರುವ ಹಾಸನದ ಅಜ್ಜಿಯೊಬ್ಬರು ಮಗನ ಮನೆಗೆ ಬಂದಿದ್ದಾಗ ಇದನ್ನು ಗಮನಿಸಿ, ಗ್ಯಾರೇಜಿನ ಮೂಲೆಯಲ್ಲಿ ಪೇರಿಸಿಟ್ಟಿದ್ದ ನಾಲ್ಕಕ್ಕೂ ಕುಂಕುಮ ಹಚ್ಚಿಸಿದರು. ಕಷ್ಟದ ಕೆಲಸ ಮಾಡುವುದು ಇವೇ ಅಂತ ಕೇಳಿದ ಮೇಲೆ ಬಿಟ್ಟಾರೆಯೇ.

ಹಾಕಿಸುವ ದಿನ ಮಾತ್ರ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಮೊದಲ ಹಿಮ ಬಿದ್ದ ಮರುದಿನ ಗ್ಯಾರೇಜಿಗೆ ಫೋನ್ ಮಾಡಿದರೆ ಮೂರು ವಾರದ ಆಚೆಯ ತಾರೀಖು ಹೇಳುತ್ತಾರೆ. ಹಾಕಿಸಿದ ಮೇಲೂ ಗಾಳಿ ನೋಡುತ್ತಿರಬೇಕು, ತಾಪಮಾನ ಐದಾರು ಡಿಗ್ರಿ ಇಳಿದಾಗಲೆಲ್ಲ ಗಾಳಿಯ ಒತ್ತಡ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ. ಮತ್ತೆ ಬಿಲ್ಲಿನ ಕೆಳಗೆ ಒಂದು ಮುದ್ರೆ ಇರುತ್ತದೆ: ನೂರು ಕಿಲೋಮೀಟರ್ ಓಡಿಸಿದ ಮೇಲೆ ಬಂದು ಚಕ್ರದ ನಟ್ ಇನ್ನೊಮ್ಮೆ ಬಿಗಿ ಮಾಡಿಸಿಕೊಳ್ಳಿ, ಹಣ ಕೊಡಬೇಕಿಲ್ಲ ಅಂತ. ಹೋಗಲೇಬೇಕಾದ ಕೆಲಸ ಅದು. ಬಹಳ ಜನ ಹೋಗುವುದಿಲ್ಲ. ಪುಕ್ಕಟೆ ಅಂದರೂ ಹೋಗದ ಕನ್ನಡಿಗರನ್ನು ನಾನು ನೋಡಿರುವುದು ಇದೊಂದು ವಿಷಯದಲ್ಲಿ ಮಾತ್ರ.